ಮೊದಲು ಏಳುವ ಹೊತ್ತು: ಹೊತ್ತುಗೆಟ್ಟ ನಿದ್ದೆ ಮತ್ತು ಬಿಡದ ಸುಸ್ತಿನ ಒಂದು ಪ್ರಕರಣ

37 ವರ್ಷದ ಮಹಿಳೆ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ವಾರಕ್ಕೆ ಐದು ದಿನ, ಹೆಚ್ಚಿನ ಪಾಲು ಮನೆಯಿಂದಲೇ. ಎರಡು ವರ್ಷದಿಂದ ದೂರು ಒಂದೇ: ರಾತ್ರಿ ಹಾಸಿಗೆ ಸೇರಿದರೂ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ, ದಿನವಿಡೀ ಮೈಯಲ್ಲಿ ಕಸುವೇ ಇರುವುದಿಲ್ಲ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಓದಿದ ಸಾಲನ್ನೇ ಮತ್ತೆ ಓದುವ ಸ್ಥಿತಿ. ರಜಾದಿನ ಹತ್ತೂಮುಕ್ಕಾಲರವರೆಗೆ ಮಲಗಿದರೂ ಎದ್ದಾಗ ಮೈ ಭಾರ.

ಇದು ಯಾರೋ ಒಬ್ಬರ ಕಡತದಿಂದ ಎತ್ತಿಕೊಂಡದ್ದಲ್ಲ. ಇಂಥ ತೊಂದರೆಯಲ್ಲಿ ಮತ್ತೆ ಮತ್ತೆ ಕಾಣಸಿಗುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಸುತ್ತ ಕೂಡಿಸಿ ಬರೆದ ಮಾದರಿ ಪ್ರಕರಣ. ಹಾಗಾಗಿ ಇಲ್ಲಿನ ವೇಳೆ, ಅಳತೆಗಳನ್ನು ಲೆಕ್ಕ ಹಾಕುವ ಕ್ರಮ ತಿಳಿಯಲು ಬಳಸಿಕೊಳ್ಳಿ. ನಿಮ್ಮ ಲೆಕ್ಕ ನಿಮ್ಮದೇ ದಿನಚರಿಯಿಂದ ಬರಬೇಕು.

ಅಷ್ಟರಲ್ಲಾಗಲೇ ಅವರು ಮಾಡಿ ನೋಡಿದ್ದು ಕಡಿಮೆಯೇನಲ್ಲ. ಬೇಗ ಮಲಗಬೇಕೆಂದು ರಾತ್ರಿ 10ಕ್ಕೇ ದೀಪ ಆರಿಸಿ, ಒಂದು ಗಂಟೆಯವರೆಗೂ ಮಗ್ಗುಲು ಬದಲಿಸುತ್ತ ಕಳೆದಿದ್ದರು. ಶೀತ-ಅಲರ್ಜಿಗೆ ಕೊಡುವ, ಮಂಪರು ತರುವ ಮಾತ್ರೆಯನ್ನು ಆಗಾಗ ನುಂಗಿದ್ದರು. ನಿದ್ದೆಯೇನೋ ಬರುತ್ತಿತ್ತು, ಆದರೆ ಮರುದಿನ ಮಧ್ಯಾಹ್ನದವರೆಗೂ ತಲೆ ಜೋಮು ಹಿಡಿದಂತಿರುತ್ತಿತ್ತು. ವಾರದ ಬಾಕಿಯನ್ನು ವಾರಾಂತ್ಯದಲ್ಲಿ ತೀರಿಸಲು ಹೊರಟಿದ್ದರು. ಈ ಮೂರೂ ಸಹಜವಾದ ಪ್ರಯತ್ನಗಳೇ. ಆದರೆ ಮೂರೂ ತೊಂದರೆಯನ್ನು ಉಳಿಸಿಕೊಂಡು ಬಂದಿದ್ದವು. ಮಾತ್ರೆಯದು ಮೇಲೆ ಹೇಳಿದಂತೆ, ಉಳಿದೆರಡು ಹೇಗೆ ಎಂಬುದು ಮುಂದೆ ಬರುತ್ತದೆ.

ಬದಲಾವಣೆಗೆ ಮುಂಚೆ ಎರಡು ವಾರದ ದಿನಚರಿ

ಮೊದಲ ಎರಡು ವಾರ ಏನನ್ನೂ ಬದಲಿಸಲಿಲ್ಲ, ಬರೆದಿಟ್ಟದ್ದಷ್ಟೇ. ಒಂದು ಹಾಳೆ, ದಿನಕ್ಕೊಂದು ಸಾಲು: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿರಬಹುದಾದ ಹೊತ್ತು, ರಾತ್ರಿ ಎಚ್ಚರವಿದ್ದ ನಿಮಿಷಗಳು, ಕೊನೆಯ ಸಲ ಎಚ್ಚರವಾದದ್ದು, ಹಾಸಿಗೆ ಬಿಟ್ಟದ್ದು, ಹಗಲು ನಿದ್ದೆ, ಕಾಫಿ ಕುಡಿದ ವೇಳೆಗಳು, ಮಧ್ಯಾಹ್ನ 3ಕ್ಕೆ ಸುಸ್ತು ಎಷ್ಟೆಂಬುದಕ್ಕೆ 0ಯಿಂದ 10ರೊಳಗೆ ಒಂದು ಅಂಕಿ.

ಈ ಹಾಳೆ ತುಂಬಿಸಬೇಕಾದ್ದು ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ, ಅಂದಾಜಿನ ಮೇಲೆ. ರಾತ್ರಿ ಗಡಿಯಾರ ನೋಡಿ ಬರೆಯಲು ಹೋದರೆ ಆ ನೋಡುವಿಕೆಯೇ ನಿದ್ದೆ ಕೆಡಿಸುತ್ತದೆ: ‘ಎರಡು ಗಂಟೆಯಾಯಿತು, ಇನ್ನು ಐದೇ ಗಂಟೆ ಉಳಿಯಿತು’ ಎಂಬ ಲೆಕ್ಕ ಶುರುವಾದರೆ ಮನಸ್ಸು ಚುರುಕಾಗಿಬಿಡುತ್ತದೆ. ಇವರು ಕೈಗೆ ಕಟ್ಟಿಕೊಂಡಿದ್ದ ನಿದ್ದೆ ಅಳೆಯುವ ಪಟ್ಟಿಯನ್ನೂ ಈ ಅವಧಿಗೆ ಬಿಚ್ಚಿಡಲಾಯಿತು. ಅಂಥ ಪಟ್ಟಿಗಳು ಮಲಗಿದ-ಎದ್ದ ಹೊತ್ತನ್ನು ಸುಮಾರಾಗಿ ಸರಿಯಾಗಿಯೇ ಹೇಳುತ್ತವೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಎಂದು ಅವು ಕೊಡುವ ಲೆಕ್ಕ ಮಾತ್ರ ಅಷ್ಟು ನಂಬಲರ್ಹವಲ್ಲ. ಬೆಳಿಗ್ಗೆ ಕಡಿಮೆ ಅಂಕ ನೋಡಿದವರು ಆ ದಿನವಿಡೀ ತಾವು ದಣಿದಿದ್ದೇವೆಂದೇ ನಂಬಿಕೊಳ್ಳುತ್ತಾರೆ.

ಎರಡು ವಾರದ ಸರಾಸರಿ ಹೀಗಿತ್ತು. ಕೆಲಸದ ದಿನ ರಾತ್ರಿ 11:30ಕ್ಕೆ ಹಾಸಿಗೆ. ಅಲ್ಲೇ ದಿಂಬಿಗೊರಗಿ ಲ್ಯಾಪ್‌ಟಾಪ್, ಆಮೇಲೆ ಫೋನ್. ನಿದ್ದೆ ಹತ್ತುವುದು 1:15ಕ್ಕೆ. ನಡುವೆ ಅರ್ಧ ಗಂಟೆ ಎಚ್ಚರ. 7:30ಕ್ಕೆ ಅಲಾರಂ, ಅದನ್ನು ಮುಂದೂಡುತ್ತ ಹೋಗಿ 8ಕ್ಕೆ ಹಾಸಿಗೆ ಬಿಡುವುದು. ಅಂದರೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ 5 ಗಂಟೆ 45 ನಿಮಿಷ. ರಜಾದಿನ 2ಕ್ಕೆ ಹಾಸಿಗೆ, 2:45ಕ್ಕೆ ನಿದ್ದೆ, 10:45ಕ್ಕೆ ಎಚ್ಚರ, ಹಾಸಿಗೆ ಬಿಟ್ಟಾಗ 11. ಮೇಲೆ ಮಧ್ಯಾಹ್ನ ಒಂದೂವರೆ ಗಂಟೆಯ ಹಗಲು ನಿದ್ದೆ.

ಇದರಿಂದ ಎರಡು ಅಳತೆ ಸಿಗುತ್ತವೆ. ಒಂದು, ನಿದ್ದೆಯ ದಕ್ಷತೆ: ನಿದ್ರಿಸಿದ ಸಮಯವನ್ನು ಹಾಸಿಗೆಯಲ್ಲಿ ಕಳೆದ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆ. ಏಳು ರಾತ್ರಿ ಸೇರಿ ಹಾಸಿಗೆಯಲ್ಲಿ ಅರವತ್ತೂವರೆ ಗಂಟೆ, ನಿದ್ದೆ 44 ಗಂಟೆ 45 ನಿಮಿಷ. ದಕ್ಷತೆ 74. ಸಾಮಾನ್ಯವಾಗಿ 85ರ ಮೇಲಿದ್ದರೆ ಚೆನ್ನ. ಇನ್ನೊಂದು, ನಿದ್ದೆಯ ನಡುಬಿಂದು: ನಿದ್ದೆ ಹತ್ತಿದ ಹೊತ್ತಿಗೂ ಎಚ್ಚರವಾದ ಹೊತ್ತಿಗೂ ನಟ್ಟನಡುವಿನ ಗಳಿಗೆ. ಕೆಲಸದ ದಿನಗಳಲ್ಲಿ ಅದು ಬೆಳಗಿನ ಜಾವ 4:20ರ ಆಸುಪಾಸು, ರಜಾದಿನ 6:45. ವ್ಯತ್ಯಾಸ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಪ್ರತಿ ಶುಕ್ರವಾರ ರಾತ್ರಿ ಎರಡು ಗಂಟೆ ಪಶ್ಚಿಮಕ್ಕಿರುವ ಊರಿಗೆ ವಿಮಾನ ಹತ್ತಿ, ಭಾನುವಾರ ರಾತ್ರಿ ಹಿಂದಿರುಗಿದರೆ ದೇಹಕ್ಕೆ ಏನಾಗುತ್ತದೋ ಅದೇ ಇಲ್ಲಿ ವಾರವಾರವೂ ಆಗುತ್ತಿತ್ತು. ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದು ಹೆಸರಿಟ್ಟರು. ಸೋಮವಾರ, ಮಂಗಳವಾರ ಇವರ ಸುಸ್ತಿನ ಅಂಕಿ 8 ಇರುತ್ತಿತ್ತು. ಗುರುವಾರದ ಹೊತ್ತಿಗೆ 6ಕ್ಕೆ ಇಳಿದು, ಮತ್ತೆ ಸೋಮವಾರ 8. ವಾರದ ಸರಾಸರಿ 7.

ಜೀವನಕ್ರಮಕ್ಕೆ ಕೈ ಹಾಕುವ ಮೊದಲು

ಬಿಡದ ಸುಸ್ತನ್ನು ನಿದ್ದೆಯ ಲೆಕ್ಕಕ್ಕೇ ಬರೆದುಬಿಡುವುದು ಅಪಾಯ. ತೂಕಡಿಕೆ ಬೇರೆ, ಸುಸ್ತು ಬೇರೆ. ಕೂತಲ್ಲೇ ಕಣ್ಣು ಮುಚ್ಚಿಹೋಗುವುದು, ಸಿಗ್ನಲ್‌ನಲ್ಲಿ ನಿಂತಾಗ ಜೊಂಪು ಹತ್ತುವುದು ತೂಕಡಿಕೆ. ಮೈಗೆ ಬಲವಿಲ್ಲ, ಆದರೆ ಮಲಗಿದರೆ ನಿದ್ದೆಯೂ ಬರದು ಎಂಬುದು ಸುಸ್ತು. ಮೊದಲನೆಯದನ್ನು ಅಳೆಯಲು ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ ಎಪ್ವರ್ತ್ ಮಾಪನವಿದೆ: ಎಂಟು ಸನ್ನಿವೇಶ, ಒಟ್ಟು 24 ಅಂಕ, 10ಕ್ಕಿಂತ ಹೆಚ್ಚಾದರೆ ಹಗಲಿನ ತೂಕಡಿಕೆ ಅತಿಯಾಗಿದೆ ಎಂದರ್ಥ. ಇವರದು 8. ಅಂದರೆ ತೂಕಡಿಕೆಗಿಂತ ಸುಸ್ತೇ ಮುಂದಿದೆ. ಕಾರಣವನ್ನು ನಿದ್ದೆಯ ಆಚೆಗೂ ಹುಡುಕಬೇಕು.

ವೈದ್ಯರು ಕೇಳಿದ ಪ್ರಶ್ನೆಗಳು: ಜೋರಾಗಿ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಏದುಸಿರಿನಿಂದ ಏಳುವುದು, ಬೆಳಗಿನ ತಲೆನೋವು ಇದೆಯೇ? ಸಂಜೆಯಾದರೆ ಕಾಲಲ್ಲಿ ಹೇಳಲಾಗದ ಕಿರಿಕಿರಿಯಾಗಿ, ಅಲ್ಲಾಡಿಸಿದರೆ ಕಡಿಮೆಯಾಗುತ್ತದೆಯೇ? ಹಿಂದೆ ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಹೋಗಿದೆಯೇ? ತೂಕ ತಾನಾಗಿ ಇಳಿದಿದೆಯೇ, ರಾತ್ರಿ ಮೈ ಬೆವೆತು ಒದ್ದೆಯಾಗುತ್ತದೆಯೇ? ಇವಕ್ಕೆಲ್ಲ ಇಲ್ಲ ಎಂದೇ ಉತ್ತರ. ಯಾವುದಕ್ಕಾದರೂ ಹೌದು ಎಂದಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಉದಾಹರಣೆಗೆ, ಉಸಿರು ಕಟ್ಟುವ ನಿದ್ದೆಯಿದ್ದವರಿಗೆ ಮುಂದೆ ಹೇಳುವ ಯಾವ ಶಿಸ್ತೂ ಸಾಲದು, ಅವರಿಗೆ ನಿದ್ದೆಯ ಪರೀಕ್ಷೆಯಾಗಬೇಕು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.3, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಲ್ಲದ ಮಹಿಳೆಯರಿಗೆ ಇಟ್ಟಿರುವ 12ರ ಗೆರೆಗಿಂತ ತುಸು ಮೇಲೆ. ಥೈರಾಯ್ಡ್, ಸಕ್ಕರೆ, ಬಿ12, ಮೂತ್ರಪಿಂಡ, ಯಕೃತ್ತು ಎಲ್ಲ ಸರಿ. ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಮಾತ್ರ ಮಿಲಿಲೀಟರಿಗೆ 11 ನ್ಯಾನೋಗ್ರಾಂ. ಅದೇ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಇಟ್ಟಿರುವ ಗೆರೆ 15. ಮೈಯಲ್ಲಿ ಕಬ್ಬಿಣದ ದಾಸ್ತಾನು ಬರಿದಾಗಿದೆ, ರಕ್ತಹೀನತೆ ಇನ್ನೂ ಕಾಣಿಸಿಕೊಂಡಿಲ್ಲ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ‘ಎಲ್ಲ ನಾರ್ಮಲ್’ ಎಂದು ಕಳಿಸಿಬಿಡುವ ಜಾಗ ಇದೇ. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದುದು ಕಾರಣವೆಂದು ಕಂಡುಬಂದು, ಅದಕ್ಕೆ ಬೇರೆಯಾಗಿ ಚಿಕಿತ್ಸೆ ಶುರುವಾಯಿತು.

ಹಾಗಾಗಿ ಈ ಪ್ರಕರಣದಲ್ಲಿ ಸುಸ್ತಿಗೆ ಎರಡು ಬೇರುಗಳಿದ್ದವು. ನಿದ್ದೆ ಸರಿಹೋಗುವ ವೇಗ ಒಂದು, ಕಬ್ಬಿಣ ತುಂಬಿಕೊಳ್ಳುವ ವೇಗ ಇನ್ನೊಂದು. ಇದನ್ನು ಮೊದಲೇ ಹೇಳಿಡದಿದ್ದರೆ, ನಾಲ್ಕನೇ ವಾರದಲ್ಲಿ ‘ನಿದ್ದೆ ಸರಿಯಾದರೂ ಸುಸ್ತು ಹೋಗಲಿಲ್ಲ’ ಎಂದು ಎಲ್ಲವನ್ನೂ ಕೈಬಿಡುವ ಸಂಭವ ಹೆಚ್ಚು.

ಬೇಗ ಮಲಗಿದರೂ ನಿದ್ದೆ ಬಾರದ್ದೇಕೆ

ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ ಎಂದು ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಮಾದರಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಒಂದು, ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುವುದು ಇದರ ಒಂದು ಮುಖ್ಯ ಗುರುತು. ಇನ್ನೊಂದು, ಒತ್ತಡ ಎಷ್ಟೇ ಇರಲಿ, ತನ್ನ ಹೊತ್ತಿಗೆ ತಾನು ಎಬ್ಬಿಸುವ ಮತ್ತು ಮಲಗಿಸುವ ದೇಹದ ಗಡಿಯಾರ. ಮನುಷ್ಯರಲ್ಲಿ ಇದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ಬೆಳಗಿನ ಬೆಳಕು ದಿನವೂ ಹಿಂದಕ್ಕೆಳೆಯದಿದ್ದರೆ ಅದು ತಡವಾಗುತ್ತ ಜಾರುತ್ತದೆ.

ಈ ಗಡಿಯಾರಕ್ಕೆ ಒಂದು ವಿಚಿತ್ರ ಗುಣವಿದೆ. ರೂಢಿಯ ನಿದ್ದೆಗೆ ಎರಡು-ಮೂರು ಗಂಟೆ ಮುಂಚೆ ಅದು ಎಚ್ಚರವನ್ನು ಅತಿ ಹೆಚ್ಚು ಬಲವಾಗಿ ಹಿಡಿದಿಡುತ್ತದೆ. ಒಂದು ಗಂಟೆಗೆ ನಿದ್ದೆ ಹೋಗುವ ಮೈಗೆ ಹತ್ತು-ಹನ್ನೊಂದು ಗಂಟೆ ಎಂದರೆ ಅದೇ ಹೊತ್ತು. ಆಗ ದೀಪ ಆರಿಸಿ ಮಲಗಿದರೆ ಸಿಗುವುದು ಹೊರಳಾಟ ಮಾತ್ರ. ದಿನವೂ ಹೀಗಾದರೆ ಹಾಸಿಗೆ ಎಂದರೆ ಎಚ್ಚರವಿರುವ ಜಾಗ ಎಂದು ಮೈಗೆ ಅಭ್ಯಾಸವಾಗಿಹೋಗುತ್ತದೆ. ಸೋಫಾದ ಮೇಲೆ ತೂಕಡಿಸುತ್ತಿದ್ದವರು ಕೋಣೆಗೆ ಬಂದು ಮಲಗಿದ ಕೂಡಲೇ ಕಣ್ಣು ಬಿಡುತ್ತಾರೆ. ಮಲಗುವ ಹೊತ್ತನ್ನು ಮನುಷ್ಯ ಬಲವಂತದಿಂದ ಹಿಂದಕ್ಕೆ ತರಲಾರ. ಏಳುವ ಹೊತ್ತನ್ನು ತರಬಲ್ಲ, ಏಕೆಂದರೆ ಅಲಾರಂ ಇದೆ. ಏಳುವ ಹೊತ್ತು ನಿಂತರೆ ಮಲಗುವ ಹೊತ್ತು ಹಿಂದೆಯೇ ಬರುತ್ತದೆ. ಇಡೀ ಯೋಜನೆ ನಿಂತಿದ್ದು ಈ ಒಂದು ಮಾತಿನ ಮೇಲೆ.

ರಜಾದಿನದ ದೀರ್ಘ ನಿದ್ದೆ ಬಾಕಿಯನ್ನು ಸ್ವಲ್ಪ ತೀರಿಸುತ್ತದೆ, ನಿಜ. ಆದರೆ 10:45ಕ್ಕೆ ಎದ್ದವರಿಗೆ ಆ ರಾತ್ರಿ 11:30ಕ್ಕೆ ಎಚ್ಚರವಾಗಿ ಕಳೆದದ್ದು ಹದಿಮೂರು ಗಂಟೆಯೂ ಆಗಿರುವುದಿಲ್ಲ, ಅದರಲ್ಲಿ ಒಂದೂವರೆ ಗಂಟೆ ಹಗಲು ನಿದ್ದೆ ಬೇರೆ ತಿಂದಿರುತ್ತದೆ. ಒತ್ತಡ ಏರಿರುವುದೇ ಇಲ್ಲ.

ಯೋಜನೆ

ಏಳುವ ಹೊತ್ತನ್ನು 7:30 ಎಂದು ನಿಲ್ಲಿಸಲಾಯಿತು, ವಾರದ ಏಳೂ ದಿನ. ಅವರಿಗೆ 6ಕ್ಕೆ ಏಳುವ ಆಸೆಯಿತ್ತು. ಅದು ಬೇಡವಾದದ್ದಕ್ಕೆ ಕಾರಣವಿದೆ. ತಾನಾಗಿ ಎಚ್ಚರವಾಗುವ ಹೊತ್ತಿಗಿಂತ ಸುಮಾರು ಎರಡು-ಮೂರು ಗಂಟೆ ಮುಂಚೆ ಮೈಯ ಒಳಗಿನ ಉಷ್ಣತೆ ತನ್ನ ಕನಿಷ್ಠಕ್ಕೆ ಇಳಿದಿರುತ್ತದೆ. ಆ ಬಿಂದುವಿನ ನಂತರ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ, ಅಂದರೆ ಬೇಗದ ಕಡೆಗೆ ತರುತ್ತದೆ. ಅದಕ್ಕೆ ಮುಂಚೆ ಬಿದ್ದರೆ ಇನ್ನಷ್ಟು ತಡಮಾಡುತ್ತದೆ. ರಜಾದಿನ ಹತ್ತೂಮುಕ್ಕಾಲಕ್ಕೆ ಏಳುವ ಮೈಗೆ ಆರು ಗಂಟೆಯ ಪ್ರಖರ ಬೆಳಕು ಉಲ್ಟಾ ಹೊಡೆಯುವ ಸಂಭವವೇ ಹೆಚ್ಚು. ಹುಮ್ಮಸ್ಸಿನಿಂದ ಒಮ್ಮೆಲೇ ನಸುಕಿನಲ್ಲಿ ಎದ್ದು ಹೊರಟ ಎಷ್ಟೋ ಜನ ವಾರದೊಳಗೆ ಸೋಲುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮೊದಲ ವಾರ ಹೊರಗಿನ ಬೆಳಕಿಗೆ ಹೋದದ್ದು 8:30ಕ್ಕೆ, ಎರಡನೇ ವಾರದಿಂದ 8ಕ್ಕೆ, ಅರ್ಧ ಗಂಟೆಯ ಚುರುಕು ನಡಿಗೆ, ತಂಪು ಕನ್ನಡಕವಿಲ್ಲದೆ.

ಕಿಟಕಿಯ ಪಕ್ಕ ಕೂತರೆ ಸಾಲದೇ ಎಂದು ಕೇಳುವವರಿದ್ದಾರೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್. ಮೋಡ ಕವಿದ ದಿನವೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಿದ್ದರೆ ಹತ್ತಾರು ಸಾವಿರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಂತರ ಅರಿವಿಗೆ ಬರುವುದಿಲ್ಲ. ಬಾಗಿಲು ದಾಟಿ ಹೊರಗೆ ಹೋಗಲೇಬೇಕು.

ಹಾಸಿಗೆಯ ಅವಧಿಯನ್ನು ಕಡಿತ ಮಾಡಿದ್ದು ಎರಡನೆಯ ಹೆಜ್ಜೆ. ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಪ್ರಕಟಿಸಿದ ವಿಧಾನ ಇದು. ದಿನಚರಿಯ ಪ್ರಕಾರ ಸರಾಸರಿ ನಿದ್ದೆ 6 ಗಂಟೆ 24 ನಿಮಿಷ. ಅದನ್ನು ಆರೂವರೆಗೆ ಏರಿಸಿ, ಹಾಸಿಗೆಯಲ್ಲಿ ಅಷ್ಟೇ ಹೊತ್ತು: ರಾತ್ರಿ 1ರಿಂದ 7:30. ದಣಿದವರಿಗೆ ಇನ್ನೂ ತಡವಾಗಿ ಮಲಗಿ ಎನ್ನುವುದು ಕ್ರೂರವೆನಿಸಬಹುದು. ಆದರೆ ಕಡಿತವಾಗುವುದು ನಿದ್ದೆಯಲ್ಲ, ಹಾಸಿಗೆಯಲ್ಲಿನ ಎಚ್ಚರ. ಅವಧಿ ಎಂದಿಗೂ 5 ಗಂಟೆಗಿಂತ ಕೆಳಗಿಳಿಯಬಾರದು. ಪ್ರತಿ ವಾರದ ಕೊನೆಗೆ ದಕ್ಷತೆ ಲೆಕ್ಕ ಹಾಕಿ, 85 ಮುಟ್ಟಿದ್ದರೆ 15 ನಿಮಿಷ ಮುಂಚೆ ಮಲಗುವುದು. 80ರಿಂದ 85ರ ನಡುವಿದ್ದರೆ ಹಾಗೇ ಬಿಡುವುದು. 80ಕ್ಕಿಂತ ಕಡಿಮೆಯಾದರೆ 15 ನಿಮಿಷ ತಡಮಾಡುವುದು.

ಎಲ್ಲರೂ ಇದನ್ನು ತಾವೇ ಮಾಡಿಕೊಳ್ಳುವಂತಿಲ್ಲ. ಅಪಸ್ಮಾರ ಇರುವವರಲ್ಲಿ ನಿದ್ದೆ ಕಡಿಮೆಯಾದರೆ ಸೆಳವು ಬರಬಹುದು, ಬೈಪೋಲಾರ್ ಇರುವವರಲ್ಲಿ ಉನ್ಮಾದ ಕೆರಳಬಹುದು, ನಿದ್ದೆಯಲ್ಲಿ ಎದ್ದು ನಡೆಯುವವರಲ್ಲಿ ಅದು ಹೆಚ್ಚಬಹುದು. ವಾಹನ ಓಡಿಸುವ, ಯಂತ್ರದ ಮುಂದೆ ನಿಲ್ಲುವ ಕೆಲಸದವರಿಗೆ ಮೊದಲ ಎರಡು-ಮೂರು ವಾರದ ತೂಕಡಿಕೆ ಜೀವಕ್ಕೇ ಅಪಾಯ. ನಮ್ಮ ಪ್ರಕರಣದ ಮಹಿಳೆ ಆ ಅವಧಿಯಲ್ಲಿ ಗಾಡಿ ಓಡಿಸಲಿಲ್ಲ.

ಮೂರನೆಯದು ಹಾಸಿಗೆಯ ನಿಯಮ, ರಿಚರ್ಡ್ ಬೂಟ್‌ಜಿನ್ 1972ರಲ್ಲಿ ರೂಪಿಸಿದ್ದು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ. ಇಪ್ಪತ್ತು ನಿಮಿಷ ಕಳೆದಂತೆ ಅನಿಸಿದರೂ ಕಣ್ಣು ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ. ಗಡಿಯಾರ ನೋಡುವಂತಿಲ್ಲ, ಅನಿಸಿಕೆಯೇ ಸಾಕು. ಅದಕ್ಕಾಗಿ ಹಜಾರದ ಮೂಲೆಯಲ್ಲಿ ಹಗಲೇ ಒಂದು ವ್ಯವಸ್ಥೆ ಮಾಡಿಡಲಾಯಿತು: ಒರಗುವ ಕುರ್ಚಿ, ಹೊದೆಯಲು ಶಾಲು, ಮೊಣಕಾಲಿನ ಎತ್ತರಕ್ಕಿಂತ ಕೆಳಗಿಟ್ಟ ಒಂದು ಮಂದ ಹಳದಿ ದೀಪ, ಈಗಾಗಲೇ ಓದಿ ಮುಗಿಸಿದ ಒಂದು ಪುಸ್ತಕ. ಹೊಸ ಪುಸ್ತಕ ಬೇಡ, ಮುಂದೇನಾಯಿತೆಂಬ ಕುತೂಹಲ ಎಬ್ಬಿಸಿ ಕೂರಿಸುತ್ತದೆ. ಈ ಸಿದ್ಧತೆ ಚಿಕ್ಕದೆನಿಸಿದರೂ ಮಾಡದೆ ಬಿಟ್ಟವರು ರಾತ್ರಿ ಏಳುವುದೇ ಇಲ್ಲ. ಬೆಚ್ಚಗಿನ ಹೊದಿಕೆ ಬಿಟ್ಟು ಹೋಗಲು ಒಂದು ಜಾಗ ಬೇಕಲ್ಲ. ರೆಪ್ಪೆ ಭಾರವಾದಾಗ ಮರಳಿ ಹಾಸಿಗೆಗೆ. ಲ್ಯಾಪ್‌ಟಾಪ್ ಕೋಣೆಯಿಂದ ಹೊರಗೆ, ಫೋನ್ ಚಾರ್ಜಿಗೆ ಹಾಕುವ ಜಾಗ ಹಜಾರದಲ್ಲಿ. ಅಲಾರಂಗೆ ಬೇರೆಯೇ ಗಡಿಯಾರ, ಮುಖ ಗೋಡೆಗೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಮಾತ್ರ ಕೈಗೆಟುಕುವಷ್ಟು ದೂರ.

ಕಾಫಿಯ ಲೆಕ್ಕ

ದಿನಕ್ಕೆ ನಾಲ್ಕು ಕಪ್: 8ಕ್ಕೆ, 11ಕ್ಕೆ, ಮಧ್ಯಾಹ್ನ 3ಕ್ಕೆ, ಸಂಜೆ 6ಕ್ಕೆ. ‘ರಾತ್ರಿ ನಾನು ಕಾಫಿ ಮುಟ್ಟುವುದೇ ಇಲ್ಲ’ ಎಂಬುದು ಅವರ ಮಾತು, ಅದು ನಿಜವೂ ಹೌದು. ಆದರೆ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಕಪ್ಪಿಗೆ 90 ಮಿಲಿಗ್ರಾಂ ಎಂದು ಹಿಡಿದರೆ ರಾತ್ರಿ 11ಕ್ಕೆ ಆರು ಗಂಟೆಯ ಕಪ್ಪಿನಿಂದ 45, ಮೂರರದರಿಂದ 30, ಹನ್ನೊಂದರದರಿಂದ 17, ಎಂಟರದರಿಂದ 11 ಮಿಲಿಗ್ರಾಂ ಉಳಿದಿರುತ್ತದೆ. ಒಟ್ಟು 103: ದಿನವೂ ಮಲಗುವ ಹೊತ್ತಿಗೆ ಒಂದು ಕಪ್ಪಿಗಿಂತ ಹೆಚ್ಚೇ ಕುಡಿದಂತೆ. ಕೆಫೀನ್ ಅಡೆನೋಸಿನ್ ಕೂರುವ ಜಾಗವನ್ನು ತಾನು ಹಿಡಿದು ಕೂರುತ್ತದೆ. ನಿದ್ದೆಯ ಒತ್ತಡ ಇದ್ದರೂ ಮಿದುಳಿಗೆ ಗೊತ್ತಾಗುವುದಿಲ್ಲ. ಈ ಐದು ಗಂಟೆ ಎಲ್ಲರಿಗೂ ಒಂದೇ ಅಲ್ಲ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ, ಧೂಮಪಾನಿಗಳಲ್ಲಿ ವೇಗ.

ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು ಶುರುವಾಗಿ ಕೆಲವರಲ್ಲಿ ಒಂದು ವಾರದವರೆಗೂ ಇರುತ್ತದೆ. ಆ ಮಂಕನ್ನು ಸುಸ್ತು ಹೆಚ್ಚಾಯಿತೆಂದು ತಿಳಿದು ಜನ ಮತ್ತೆ ಕಪ್ ಹಿಡಿಯುತ್ತಾರೆ. ಆದ್ದರಿಂದ ಸಂಜೆಯ ಕಪ್ ಮೊದಲ ದಿನವೇ ಅರ್ಧ, ನಾಲ್ಕನೇ ದಿನ ಪೂರ್ತಿ ಬಂದ್. ಆಮೇಲೆ ಮೂರು ಗಂಟೆಯದು ಅದೇ ಕ್ರಮದಲ್ಲಿ. ಹತ್ತು ದಿನದಲ್ಲಿ ಉಳಿದದ್ದು ಎರಡು: ಬೆಳಿಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 12ಕ್ಕೆ.

ಮೊದಲನೆಯದು ಎಂಟರಿಂದ ಹತ್ತಕ್ಕೆ ಸರಿದದ್ದು ಕಬ್ಬಿಣದ ಮಾತ್ರೆಗಾಗಿ. ಕಾಫಿ, ಟೀ ಎರಡೂ ಕಬ್ಬಿಣ ಹೀರಿಕೆಗೆ ಅಡ್ಡಿ. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ವೈದ್ಯರು ಮಾತ್ರೆಯನ್ನು ದಿನ ಬಿಟ್ಟು ದಿನ ಬರೆದಿದ್ದರು. ಇವರು ಶುರುವಿನಲ್ಲಿ ಅದನ್ನು ಕಾಫಿಯ ಜೊತೆಗೇ ನುಂಗುತ್ತಿದ್ದರು. ಅದನ್ನು ಬದಲಿಸಿ 7:40ಕ್ಕೆ ಬರೀ ನೀರಿನಲ್ಲಿ ಮಾತ್ರೆ, ನಡಿಗೆ ಮುಗಿಸಿ ಬಂದು 9ಕ್ಕೆ ತಿಂಡಿ, ಅದಾದ ಒಂದು ಗಂಟೆಗೆ ಕಾಫಿ ಎಂದಾಯಿತು. ಇಷ್ಟು ದಿನ ತಿಂಡಿ ಬಿಟ್ಟು ನೇರ 11ರ ಕಾಫಿಯ ಜೊತೆ ಏನೋ ಬಾಯಾಡಿಸುತ್ತಿದ್ದವರು, ರಾತ್ರಿ ಊಟ 10:30ಕ್ಕೆ ಮಾಡುತ್ತಿದ್ದವರು. ಊಟವನ್ನು 8:30ಕ್ಕೆ ತಂದದ್ದು ಬೇರೇನೂ ಬದಲಿಸದೆ ನಡೆದುಹೋದ ಸುಲಭದ ಕೆಲಸ.

ವಾರದಿಂದ ವಾರಕ್ಕೆ

ಮೊದಲ ವಾರ ಕಷ್ಟದ್ದೇ. ಹಾಸಿಗೆಯಲ್ಲಿ ಆರೂವರೆ ಗಂಟೆ, ನಿದ್ದೆ 5 ಗಂಟೆ 20 ನಿಮಿಷ, ದಕ್ಷತೆ 82. ಮೂರು ರಾತ್ರಿ ಎದ್ದು ಕುರ್ಚಿಗೆ ಹೋಗಬೇಕಾಯಿತು. ಒಂದು ರಾತ್ರಿ ಕುರ್ಚಿಯಲ್ಲಿ ಕೂತವರು ಫೋನ್ ತೆಗೆದು ಕಚೇರಿಯ ಮೇಲ್‌ಗಳಿಗೆ ಉತ್ತರ ಬರೆದರು. ಆ ರಾತ್ರಿ ಮೂರೂವರೆಯವರೆಗೆ ನಿದ್ದೆಯಿಲ್ಲ. ಪರದೆಯ ಬೆಳಕಿಗಿಂತ ಹೆಚ್ಚಾಗಿ ಅಲ್ಲಿ ಕೆಟ್ಟದ್ದು ಮನಸ್ಸಿಗೆ ಸಿಕ್ಕ ಕೆಲಸ. ಸುಸ್ತಿನ ಅಂಕಿ 7ರಿಂದ ಏರಿ 8 ಆಯಿತು. ಇದು ನಿರೀಕ್ಷಿತ, ಮೊದಲೇ ಹೇಳಿಟ್ಟಿದ್ದುದರಿಂದ ಅವರು ಬಿಡಲಿಲ್ಲ.

ಎರಡನೇ ವಾರ 5 ಗಂಟೆ 45 ನಿಮಿಷ, ದಕ್ಷತೆ 88. ರಾತ್ರಿಯ ನಡುವಿನ ಎಚ್ಚರ ಹತ್ತು ನಿಮಿಷಕ್ಕಿಳಿದಿತ್ತು. ಮಲಗುವ ಹೊತ್ತು 12:45. ಮೂರನೇ ವಾರ 6 ಗಂಟೆ ನಿದ್ದೆ, ದಕ್ಷತೆ 89. ಮಲಗುವ ಹೊತ್ತು 12:30.

ನಾಲ್ಕನೇ ವಾರ ಜಾರಿತು. ಶನಿವಾರ ತಡರಾತ್ರಿಯವರೆಗೆ ನೆಂಟರೊಡನೆ ಎದ್ದಿದ್ದು ಭಾನುವಾರ ಹತ್ತೂವರೆಗೆ ಎದ್ದರು. ಭಾನುವಾರ ರಾತ್ರಿ 2 ಗಂಟೆಯಾದರೂ ಕಣ್ಣು ಮುಚ್ಚಲಿಲ್ಲ, ಸೋಮವಾರ ಸುಸ್ತು ಮತ್ತೆ 8. ವಾರದ ದಕ್ಷತೆ 81. ಒಂದು ಬೆಳಿಗ್ಗೆಯ ಮೂರು ಗಂಟೆ ನಾಲ್ಕು ರಾತ್ರಿಗಳನ್ನು ಕೆಡಿಸಿದ್ದು ದಿನಚರಿಯ ಹಾಳೆಯಲ್ಲಿ ಕಣ್ಣಿಗೆ ಹೊಡೆಯುವಂತಿತ್ತು, ಮತ್ತು ಯಾವ ಉಪದೇಶಕ್ಕಿಂತಲೂ ಅದು ಹೆಚ್ಚು ಕೆಲಸ ಮಾಡಿತು. ಸೂಚನೆ ಸ್ಪಷ್ಟವಾಯಿತು: ತಡವಾಗಿ ಮಲಗಿದ ದಿನವೂ ಏಳುವುದು 7:30ಕ್ಕೇ, ಹೆಚ್ಚೆಂದರೆ 8. ಬಾಕಿ ತೀರಿಸಬೇಕಿದ್ದರೆ ಮಧ್ಯಾಹ್ನ 2ರೊಳಗೆ ಇಪ್ಪತ್ತು ನಿಮಿಷ, ಅಲಾರಂ ಇಟ್ಟು. ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಯ ನಡುವೆ ಎಚ್ಚರವಾಗಿ ಮಲಗುವ ಮುಂಚಿನದಕ್ಕಿಂತ ಕೆಟ್ಟ ಮಂಪರು ಹಿಡಿಯುತ್ತದೆ, ರಾತ್ರಿಯ ಪಾಲೂ ಕರಗುತ್ತದೆ.

ಐದನೇ ವಾರ ಮತ್ತೆ 88. ಅಲ್ಲಿಂದ ವಾರಕ್ಕೆ 15 ನಿಮಿಷದಂತೆ ಎಂಟನೇ ವಾರದ ಕೊನೆಗೆ ಮಲಗುವ ಹೊತ್ತು 11:30 ಮುಟ್ಟಿತು: ಹಾಸಿಗೆಯಲ್ಲಿ ಎಂಟು ಗಂಟೆ, ನಿದ್ದೆ 6 ಗಂಟೆ 50 ನಿಮಿಷ. ದಕ್ಷತೆ 85ರ ಅಂಚಿನಲ್ಲಿ ನಿಂತದ್ದರಿಂದ ಇನ್ನು ಹಿಗ್ಗಿಸುವುದು ಬೇಡವೆಂದು ಕಾಲು ಗಂಟೆ ಹಿಂದೆಗೆದು, ಹಾಸಿಗೆಯ ಅವಧಿಯನ್ನು ಏಳೂಮುಕ್ಕಾಲು ಗಂಟೆಗೆ ನಿಲ್ಲಿಸಲಾಯಿತು. ಅವರು ಆಸೆಪಟ್ಟಿದ್ದ ಬೆಳಗಿನ ಹೊತ್ತು ಬಂದದ್ದು ಇಲ್ಲಿಂದ ಮುಂದೆ. ಇಡೀ ಅವಧಿಯನ್ನೇ ಹತ್ತು-ಹನ್ನೆರಡು ದಿನಕ್ಕೆ 15 ನಿಮಿಷದಂತೆ ಬೇಗದ ಕಡೆಗೆ ಸರಿಸುತ್ತ, ಹನ್ನೆರಡನೇ ವಾರದಲ್ಲಿ ಮಲಗುವುದು 11:15, ಏಳುವುದು 7. ನಿದ್ದೆ 6 ಗಂಟೆ 55 ನಿಮಿಷ, ದಕ್ಷತೆ 89. ಕೆಲಸದ ದಿನ ಮತ್ತು ರಜಾದಿನದ ನಡುಬಿಂದುಗಳ ಅಂತರ ಇಪ್ಪತ್ತು ನಿಮಿಷ.

ಸುಸ್ತು ಇದೇ ವೇಗದಲ್ಲಿ ಇಳಿಯಲಿಲ್ಲ. ಮೂರನೇ ವಾರದಲ್ಲಿ 6, ಎಂಟನೇ ವಾರದಲ್ಲಿ 4, ಹನ್ನೆರಡರಲ್ಲಿ 3. ಮೂರು ತಿಂಗಳಿಗೆ ಮರುಪರೀಕ್ಷೆ ಮಾಡಿದಾಗ ಫೆರಿಟಿನ್ 11ರಿಂದ 34ಕ್ಕೆ ಬಂದಿತ್ತು. ಮಾತ್ರೆ ಮುಂದುವರಿಸಲು ವೈದ್ಯರು ಹೇಳಿದರು. ಮೊದಲ ತಿಂಗಳ ಇಳಿಕೆ ಬಹುಪಾಲು ನಿದ್ದೆಯ ಹೊತ್ತು ನಿಂತದ್ದರಿಂದ, ಆಮೇಲಿನದರಲ್ಲಿ ಕಬ್ಬಿಣದ ಪಾಲೂ ಇದೆ ಎಂಬುದು ನಮ್ಮ ಎಣಿಕೆ. ಎರಡನ್ನೂ ಒಟ್ಟಿಗೆ ನಡೆಸಿದ್ದರಿಂದ ಇಂತಿಷ್ಟೇ ಎಂದು ಬೇರ್ಪಡಿಸಲು ಬರುವುದಿಲ್ಲ, ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದ್ದರೆ ಇವರು ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದರು.

ಇನ್ನೊಂದು ಗಮನಿಸಬೇಕಾದ್ದಿದೆ. ಆರನೇ ವಾರದಲ್ಲಿ ಅವರು ‘ನನಗೆ ಆರೂವರೆ ಗಂಟೆ ಸಾಕೆನಿಸುತ್ತದೆ, ಇಲ್ಲೇ ನಿಲ್ಲಿಸೋಣ’ ಎಂದಿದ್ದರು. ಈ ಅನಿಸಿಕೆಯನ್ನು ನಂಬುವಂತಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆ ಅಥವಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಆದರೆ ಮೊದಲ ಕೆಲವು ದಿನದ ನಂತರ ತಮಗೆ ತೂಕಡಿಕೆ ಹೆಚ್ಚುತ್ತಿದೆ ಎಂದು ಅವರಿಗೆ ಅನಿಸುತ್ತಿರಲಿಲ್ಲ. ವಯಸ್ಕರಿಗೆ ಏಳು ಗಂಟೆ ಅಥವಾ ಹೆಚ್ಚು ಬೇಕು ಎಂಬ ಶಿಫಾರಸು ಸುಮ್ಮನೆ ಬಂದದ್ದಲ್ಲ. ಹಾಗಾಗಿ ದಕ್ಷತೆ ಅವಕಾಶ ಕೊಡುವವರೆಗೂ ಹಿಗ್ಗಿಸಲಾಯಿತು.

ಮತ್ತೆ ಕೆಟ್ಟರೆ

ಜ್ವರ, ಪ್ರಯಾಣ, ಮನೆಯ ಕಷ್ಟ, ಕೆಲಸದ ಒತ್ತಡ: ಯಾವುದಾದರೊಂದು ನೆಪದಿಂದ ನಿದ್ದೆ ಮತ್ತೆ ಹಳಿ ತಪ್ಪಿಯೇ ತಪ್ಪುತ್ತದೆ. ಅದಕ್ಕೆ ಬರೆದುಕೊಟ್ಟದ್ದು ಇಷ್ಟು. ಒಂದೆರಡು ರಾತ್ರಿ ಕೆಟ್ಟರೆ ಏನೂ ಮಾಡಬೇಡಿ. ಬೇಗ ಮಲಗಬೇಡಿ, ತಡವಾಗಿ ಏಳಬೇಡಿ, ಒಂದು ಕಪ್ ಹೆಚ್ಚು ಕುಡಿಯಬೇಡಿ. ವಾರದಲ್ಲಿ ಮೂರು ರಾತ್ರಿ ಕೆಟ್ಟರೆ ದಿನಚರಿಯ ಹಾಳೆ ಹೊರತೆಗೆದು, ಒಂದು ವಾರ ಮಲಗುವ ಹೊತ್ತನ್ನು ಅರ್ಧ ಗಂಟೆ ಮುಂದೆ ಹಾಕಿ, ಏಳುವ ಹೊತ್ತು ಮತ್ತು ಬೆಳಗಿನ ನಡಿಗೆಯನ್ನು ಮುಟ್ಟದೆ ಬಿಡಿ. ಮೂರು ವಾರವಾದರೂ ದಕ್ಷತೆ 80 ದಾಟದಿದ್ದರೆ, ಅಥವಾ ನಿದ್ದೆ ಸರಿಯಿದ್ದೂ ಸುಸ್ತು 6ರ ಮೇಲೇ ನಿಂತರೆ, ಮತ್ತೆ ವೈದ್ಯರ ಬಳಿ ಹೋಗಿ. ಹೋಗುವಾಗ ಆ ಹಾಳೆಗಳನ್ನು ಜೊತೆಗೆ ಒಯ್ಯಿರಿ.